ಸೆನ್ಸರ್ ಸುಳ್ಳು ಹೇಳಿರಲಿಲ್ಲ

ಅಕ್ಟೋಬರ್ ಮೊದಲ ವಾರ. ಪುಣೆಯಲ್ಲಿ ಮಳೆ ಹೋಯಿತು ಅಂದುಕೊಂಡ ಮರುದಿನವೇ ಮತ್ತೆ ಬಂದು ಹೋಗುವ ದಿನಗಳು. ಸಂಜೆ ಗ್ಯಾರೇಜಿನ ಶಟರ್ ಎಳೆಯುವ ಹೊತ್ತಿಗೆ ಬಿಳಿ ಪೆಟ್ರೋಲ್ ವ್ಯಾನೊಂದು ಬಂದು ನಿಂತಿತು. ಹಿಂದಿನ ಬಾಗಿಲಲ್ಲಿ ಇಣುಕಿದರೆ ಖಡಕ್ ರೊಟ್ಟಿಯ ಡಬ್ಬಗಳು, ಶೇಂಗಾ ಹಿಂಡಿ, ಅಗಸಿ ಹಿಂಡಿಯ ಪಾಕೀಟುಗಳು. ಗಂಡ ಹೆಂಡತಿ ಇಬ್ಬರೂ ಇಂಡಿ ತಾಲ್ಲೂಕಿನ ಕಡೆಯವರು. ಚಿಂಚವಾಡದಲ್ಲಿ ಮನೆ, ಮನೆಯಲ್ಲೇ ರೊಟ್ಟಿ. ನಿಗಡಿ, ವಾಕಡ, ಹಿಂಜವಡಿಯ ಕನ್ನಡದವರ ಮನೆ ಮನೆಗೆ ಒಯ್ದು ಕೊಡುತ್ತಾರೆ. ಈ ಅಂಕಣ ಓದುವ ಪುಣೆಯವರಲ್ಲಿ ಕೆಲವರ ಊಟದ ತಾಟಿಗೂ ಅವರ ರೊಟ್ಟಿ ಬಂದಿರಬಹುದು.

ಗಂಡ ಸುಮ್ಮನೆ ನಿಂತಿದ್ದರು. ಮಾತಾಡಿದ್ದು ಅಕ್ಕಾವರೇ.

"ಅಣ್ಣಾರ, ಗಾಡಿ ಪೆಟ್ರೋಲ್ ಭಾಳ ಕುಡ್ಯಾಕತ್ತೈತ್ರಿ. ಒಂದ ಮನೀಗೆ ಕೊಟ್ಟು ಬಂದು ಚಾಲೂ ಮಾಡಿದ್ರ ಲಗೂನ ಹತ್ತಂಗಿಲ್ಲ. ಮಳಿ ಬಂದಾಗ ಇಂಜಿನ್ ಲೈಟ್ ಬೀಳ್ತೈತಿ, ಬಿಸಲ ಬಿದ್ದರ ಹೋಗ್ತೈತಿ. ಎರಡ ಸಲ ಸೆನ್ಸರ್ ಬದಲಿ ಮಾಡಿಸೇವ್ರಿ. ಈಗ ಕಂಪ್ಯೂಟರ್ ಹೋಗೈತಿ ಅಂತಾರ. ಇಪ್ಪತ್ನಾಲ್ಕ ಸಾವಿರ ಅಂತ."

ಹೇಳುತ್ತಲೇ ಚೀಲದಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದರು. ಜೋಳ, ಶೇಂಗಾ, ಗ್ಯಾಸು ಎಲ್ಲದರ ಲೆಕ್ಕದ ನಡುವೆ ವ್ಯಾನಿಗೂ ಒಂದು ಭಾಗವಿತ್ತು. ಪೆಟ್ರೋಲ್ ಹಾಕಿಸಿದ ದಿನ, ಕಿಲೋಮೀಟರ್, ಲೀಟರ್. ಲೀಟರಿಗೆ 14 ಕೊಡುತ್ತಿದ್ದ ಗಾಡಿ ಹೋದ ವರ್ಷದ ಮಳೆಗಾಲದಿಂದ 13ಕ್ಕೆ, ಈ ವರ್ಷ 12ಕ್ಕೆ ಇಳಿದಿತ್ತು. ಹದಿನಾರು ವರ್ಷದಿಂದ ಗಾಡಿಗಳ ಕಾಯಿಲೆ ನೋಡುತ್ತಿದ್ದೇನೆ. ಇಷ್ಟು ಚೊಕ್ಕ ಲೆಕ್ಕ ತಂದವರು ಬೆರಳೆಣಿಕೆಯಷ್ಟು. ಮುಕ್ಕಾಲು ಜನ "ಮೈಲೇಜ್ ಇಲ್ಲ ಸರ್" ಅಂತಷ್ಟೇ ಹೇಳುತ್ತಾರೆ. ಎಷ್ಟಿತ್ತು ಅಂದರೆ ಗೊತ್ತಿರುವುದಿಲ್ಲ.

ಸ್ಕ್ಯಾನರ್ ಹಚ್ಚಿದೆ. ಹಳೆಯ ನೆನಪಿನಲ್ಲಿ ಒಂದು ಕೋಡ್ ಕೂತಿತ್ತು: ಪಿ0113. ಇಂಜಿನ್ನಿಗೆ ಹೋಗುವ ಗಾಳಿಯ ಉಷ್ಣತೆಯ ಸೆನ್ಸರ್ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಹೆಚ್ಚು ಎಂದು ಅದರ ಅರ್ಥ. ಮೊದಲಿನ ಗ್ಯಾರೇಜಿನವರೂ ಇದನ್ನೇ ಓದಿದ್ದಾರೆ, ಸೆನ್ಸರ್ ಬದಲಿಸಿದ್ದಾರೆ. ಕೋಡ್ ಅಳಿಸಿದ್ದರಿಂದ ಲೈಟ್ ಆರಿದೆ. ಮುಂದಿನ ಮಳೆಗೆ ಮತ್ತೆ ಬಂದಿದೆ. ಮತ್ತೊಂದು ಸೆನ್ಸರ್. ಅದೂ ಆದ ಮೇಲೆ ಉಳಿದದ್ದು ಕಂಪ್ಯೂಟರ್ ಒಂದೇ ಅಂತ ತೀರ್ಮಾನ. ನಮ್ಮ ಧಂದೆಯಲ್ಲಿ ಇದು ದಿನನಿತ್ಯದ ಕತೆ. ಕೋಡ್ ಹೇಳುವುದು ಸರ್ಕ್ಯೂಟಿನ ಹೆಸರು. ಸರ್ಕ್ಯೂಟ್ ಅಂದರೆ ಸೆನ್ಸರ್, ಅದರ ಕಪ್ಲರ್, ಒಂದೂವರೆ ಮೀಟರ್ ತಂತಿ, ಕೊನೆಗೆ ಇಸಿಎಂ. ಆದರೆ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವುದು ಸೆನ್ಸರ್ ಒಂದೇ ಆದ್ದರಿಂದ ಮೊದಲು ಬದಲಾಗುವುದೂ ಅದೇ.

ಗಾಳಿಯ ಬಿಸಿ ಇಂಜಿನ್ನಿಗೆ ಯಾಕೆ ಗೊತ್ತಾಗಬೇಕು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ತಣ್ಣನೆಯ ಗಾಳಿ ಭಾರ, ಬಿಸಿ ಗಾಳಿ ಹಗುರ. ಸಮುದ್ರಮಟ್ಟದಲ್ಲಿ ಸೊನ್ನೆ ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 1.29 ಕಿಲೋ ತೂಗಿದರೆ, 40 ಡಿಗ್ರಿಯದು 1.13 ಕಿಲೋ. ಗಾಳಿ ಎಷ್ಟು ಭಾರ ಬಂತೋ ಅಷ್ಟಕ್ಕೆ ತಕ್ಕ ಪೆಟ್ರೋಲ್ ಹಾಕಬೇಕು. ಈ ವ್ಯಾನಿನಂಥ ಗಾಡಿಗಳಲ್ಲಿ ಗಾಳಿಯನ್ನು ನೇರವಾಗಿ ತೂಗುವ ಸಾಧನವಿಲ್ಲ. ಒತ್ತಡ ಎಷ್ಟು, ಬಿಸಿ ಎಷ್ಟು ಅಂತ ಕೇಳಿಕೊಂಡು ಇಸಿಎಂ ಲೆಕ್ಕ ಹಾಕುತ್ತದೆ. ಇವೆರಡನ್ನೂ ಹೇಳುವುದು ಒಂದೇ ಸೆನ್ಸರ್, ಇಂಟೇಕ್ ಮ್ಯಾನಿಫೋಲ್ಡ್ ಮೇಲೆ ಕೂತಿರುತ್ತದೆ. ನಾಲ್ಕು ತಂತಿ: 5 ವೋಲ್ಟ್, ಅರ್ಥ್, ಒತ್ತಡದ್ದೊಂದು, ಉಷ್ಣತೆಯದ್ದೊಂದು.

ಉಷ್ಣತೆ ಅಳೆಯುವ ಭಾಗ ಬಲು ಸರಳ. ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಕಡಿಮೆಯಾಗುವ ಒಂದು ಚೂರು, ಥರ್ಮಿಸ್ಟರ್. ಈ ಜಾತಿಯದು ಸೊನ್ನೆ ಡಿಗ್ರಿಗೆ ಸುಮಾರು 6 ಕಿಲೋ ಓಮ್, 20 ಡಿಗ್ರಿಗೆ ಎರಡೂವರೆ, 80 ಡಿಗ್ರಿಗೆ ಬರೀ 300 ಓಮ್‌ನ ಆಸುಪಾಸು. ಇಸಿಎಂ ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸಿ, ತಂತಿಯ ಮೇಲೆ ಎಷ್ಟು ಉಳಿಯಿತು ಅಂತ ನೋಡುತ್ತದೆ. ಹೆಚ್ಚು ಉಳಿದರೆ ಚಳಿ, ಕಡಿಮೆ ಉಳಿದರೆ ಬಿಸಿ. ತಂತಿ ಪೂರ್ತಿ ಕಡಿದರೆ ಐದಕ್ಕೆ ಐದೂ ಉಳಿಯುತ್ತದೆ, ಸ್ಕ್ಯಾನರಿನಲ್ಲಿ ಮೈನಸ್ 40 ಡಿಗ್ರಿ ಕಾಣುತ್ತದೆ. (ಸೆಲ್ಸಿಯಸ್ಸಿಗೂ ಫ್ಯಾರನ್‌ಹೀಟಿಗೂ ಅಂಕಿ ಒಂದೇ ಆಗುವ ಜಾಗ ಅದು. ಸ್ಕ್ಯಾನರ್ ಯಾವ ಅಳತೆಯಲ್ಲಿದ್ದರೂ ಮೈನಸ್ 40 ಅಂದರೆ ಮೈನಸ್ 40.) ಪುಣೆಯಲ್ಲಿ ಮೈನಸ್ 40 ಕಂಡರೆ ಇಸಿಎಂಗೂ ಅನುಮಾನ ಬರುತ್ತದೆ. ಕೋಡ್ ಬರೆದು, ಲೈಟ್ ಹಚ್ಚಿ, ಸೆನ್ಸರಿನ ಮಾತು ಬಿಟ್ಟು ಒಂದು ಅಂದಾಜಿನ ಅಂಕಿ ಹಿಡಿದು ಓಡುತ್ತದೆ.

ಆದರೆ ಆ ಸಂಜೆ ಮೈನಸ್ 40 ಇರಲಿಲ್ಲ. ಸ್ಕ್ಯಾನರ್ 22 ಡಿಗ್ರಿ ತೋರಿಸುತ್ತಿತ್ತು. ಯಾರಿಗೂ ತಪ್ಪು ಅನಿಸದ ಅಂಕಿ. ಅಲ್ಲೇ ನನಗೆ ಕಸಿವಿಸಿಯಾಯಿತು. ಊರೆಲ್ಲ ಸುತ್ತಿ ಬಂದ ಗಾಡಿ, ಬಾನೆಟ್ ಮುಟ್ಟಿದರೆ ಕೈ ಸುಡುತ್ತಿದೆ, ಒಳಗಿನ ಗಾಳಿ 22 ಹೇಗಾಗುತ್ತದೆ?

ಗಾಡಿ ರಾತ್ರಿ ಇಲ್ಲೇ ಇರಲಿ ಅಂದೆ. ಗಂಡನ ಮುಖ ಸಣ್ಣದಾಯಿತು, ನಾಳೆ ಮೂವತ್ತು ಮನೆಯ ಆರ್ಡರ್ ಇತ್ತು. ಹತ್ತು ಗಂಟೆಯೊಳಗೆ ಕೊಡುತ್ತೇನೆ ಅಂತ ಮಾತು ಕೊಟ್ಟೆ. ರಾತ್ರಿ ನಿಲ್ಲಿಸಿಕೊಳ್ಳುವುದಕ್ಕೆ ಕಾರಣವಿತ್ತು. ಏಳೆಂಟು ತಾಸು ನಿಂತ ಗಾಡಿಯಲ್ಲಿ ಎಲ್ಲವೂ ಒಂದೇ ಉಷ್ಣತೆಗೆ ಬಂದಿರುತ್ತದೆ. ಬೆಳಿಗ್ಗೆ ಇಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿ ನೋಡಿದರೆ ಕೂಲಂಟ್ ಬಿಸಿ, ಗಾಳಿಯ ಬಿಸಿ, ಹೊರಗಿನ ಹವೆ ಮೂರೂ ಎರಡು ಮೂರು ಡಿಗ್ರಿ ಆಚೀಚೆ ಒಂದೇ ಇರಬೇಕು. ಖರ್ಚಿಲ್ಲದ ಪರೀಕ್ಷೆ. ಬೇಕಾದ್ದು ತಾಳ್ಮೆ ಒಂದೇ, ಗ್ಯಾರೇಜುಗಳಲ್ಲಿ ಕಡಿಮೆ ಇರುವುದೂ ಅದೇ.

ಬೆಳಿಗ್ಗೆ ಆರೂವರೆಗೆ ಹೋದೆ. ಗೋಡೆಯ ಥರ್ಮಾಮೀಟರ್ 23. ಕೂಲಂಟ್ 23. ಗಾಳಿ 11.

ಸುಳ್ಳು ಸಿಕ್ಕಿತು. ಆದರೆ ಹೇಳುತ್ತಿರುವವರು ಯಾರು? ಅದೇ ಸೆನ್ಸರಿನ ಒತ್ತಡದ ಅಂಕಿ ನೋಡಿದೆ. ಇಂಜಿನ್ ನಿಂತಿರುವಾಗ ಅದು ಊರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಸಮುದ್ರದ ಪಕ್ಕದ ಮುಂಬೈಯಲ್ಲಾದರೆ 101 ಕಿಲೋಪ್ಯಾಸ್ಕಲ್ ಹತ್ತಿರ, ಎತ್ತರದಲ್ಲಿರುವ ನಮ್ಮ ಪುಣೆಯಲ್ಲಿ 94-95. ವ್ಯಾನ್ 94 ಅಂದಿತು. ಸರಿಯಾಗಿದೆ. ಒತ್ತಡಕ್ಕೂ ಉಷ್ಣತೆಗೂ ಅರ್ಥ್ ತಂತಿ ಒಂದೇ, ಹಾಗಾಗಿ ಅರ್ಥ್ ಚೆನ್ನಾಗಿದೆ ಅಂತಲೂ ಆಯಿತು. ಉಳಿದದ್ದು ಉಷ್ಣತೆಯ ಒಂದು ಎಳೆ.

ಕಪ್ಲರ್ ಬಿಚ್ಚಿದೆ. ಮೈನಸ್ 40. ಬರಬೇಕಾದ್ದೇ. ಈಗ ಕಪ್ಲರಿನ ಉಷ್ಣತೆಯ ಪಿನ್ನಿಗೂ ಅರ್ಥ್ ಪಿನ್ನಿಗೂ ಸಣ್ಣ ತಂತಿಯ ಸೇತುವೆ ಹಾಕಿದೆ. (ಮನೆಯಲ್ಲಿ ಪ್ರಯತ್ನ ಮಾಡುವವರಿಗೆ ಒಂದು ಮಾತು: ಸರ್ಕ್ಯೂಟ್ ಚಿತ್ರ ನೋಡದೆ ಇದನ್ನು ಮಾಡಬೇಡಿ. ಪಕ್ಕದ 5 ವೋಲ್ಟಿನ ಪಿನ್ನನ್ನು ಅರ್ಥಿಗೆ ಸೇರಿಸಿದರೆ ನಿಜಕ್ಕೂ ಕಂಪ್ಯೂಟರಿಗೆ ಪೆಟ್ಟಾಗಬಹುದು.) ಸೇತುವೆ ಹಾಕಿದಾಗ ರೆಸಿಸ್ಟೆನ್ಸ್ ಸೊನ್ನೆ, ಅಂದರೆ ಸ್ಕ್ಯಾನರ್ ಅಂಕಿ 120ರ ಮೇಲಕ್ಕೆ ಜಿಗಿಯಬೇಕು. ನೆಟ್ಟಗೆ ಹೋಗಿ 33ಕ್ಕೆ ನಿಂತಿತು.

ಸೆನ್ಸರ್ ನನ್ನ ಕೈಯಲ್ಲಿದೆ. ಗಾಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಇಸಿಎಂ 33 ಡಿಗ್ರಿ ಅನ್ನುತ್ತಿದೆ. 33 ಡಿಗ್ರಿ ಅಂದರೆ ಈ ಥರ್ಮಿಸ್ಟರಿನ ಲೆಕ್ಕದಲ್ಲಿ ಹೆಚ್ಚೂಕಡಿಮೆ ಒಂದೂವರೆ ಕಿಲೋ ಓಮ್. ಅಷ್ಟು ರೆಸಿಸ್ಟೆನ್ಸ್ ದಾರಿಯಲ್ಲಿ ಎಲ್ಲೋ ಅಡಗಿ ಕೂತಿದೆ. 23 ಡಿಗ್ರಿಯ ಸೆನ್ಸರಿಗೆ ಅದನ್ನು ಸೇರಿಸಿದರೆ 11 ಆಗುತ್ತದೆ, 50 ಡಿಗ್ರಿ ಗಾಳಿಗೆ ಸೇರಿಸಿದರೆ ನಿನ್ನೆ ಸಂಜೆಯ 22. ಲೆಕ್ಕ ಕೂಡಿತು. ಗಾಳಿ ತಣ್ಣಗಿದೆ, ಭಾರವಿದೆ ಅಂದುಕೊಂಡು ಇಸಿಎಂ ನೂರಕ್ಕೆ ಒಂಬತ್ತು ಹತ್ತು ಪಾಲು ಹೆಚ್ಚು ಪೆಟ್ರೋಲ್ ಸುರಿಯುತ್ತಿತ್ತು. ಸೈಲೆನ್ಸರಿನ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ ಅದನ್ನು ಕಂಡು ಕಡಿಮೆ ಮಾಡಿಸುತ್ತದೆ ನಿಜ, ಸ್ಕ್ಯಾನರಿನಲ್ಲಿ ಆ ತಿದ್ದುಪಡಿಯೂ ಮೈನಸ್ 9 ಅಂತ ಕಾಣುತ್ತಿತ್ತು. ಆದರೆ ಚಾಲೂ ಮಾಡಿದ ಮೊದಲ ಹೊತ್ತಿನಲ್ಲಿ ಆಕ್ಸಿಜನ್ ಸೆನ್ಸರ್ ಇನ್ನೂ ಬಿಸಿಯಾಗಿರುವುದಿಲ್ಲ, ಇಸಿಎಂ ತನ್ನ ಲೆಕ್ಕವನ್ನೇ ನಂಬಬೇಕು. ದಿನಕ್ಕೆ ಮೂವತ್ತು ಸಲ ನಿಲ್ಲಿಸಿ ಚಾಲೂ ಮಾಡುವ ರೊಟ್ಟಿ ವ್ಯಾನಿಗೆ ಆ ಮೊದಲ ಹೊತ್ತು ಅನ್ನುವುದು ದಿನಕ್ಕೆ ಮೂವತ್ತು ಸಲ.

ಇಸಿಎಂ ಬಾಯಲ್ಲಿ ಮೀಟರ್ ಹಿಡಿದೆ. ಸೇತುವೆ ಹಾಗೇ ಇದ್ದಾಗ ಅಲ್ಲಿ 2 ವೋಲ್ಟ್, ಕಪ್ಲರ್ ಬಾಯಲ್ಲಿ ಸೊನ್ನೆ. ನಡುವಿನ ತಂತಿಯೇ ಕಳ್ಳ. ಹೆಲ್ಪರ್ ಹುಡುಗನಿಗೆ ಸ್ಕ್ಯಾನರ್ ಹಿಡಿಸಿ ವೈರಿಂಗನ್ನು ಗೇಣು ಗೇಣಾಗಿ ಅಲುಗಾಡಿಸುತ್ತ ಬಂದೆ. ಕಪ್ಲರಿನಿಂದ ನಾಲ್ಕು ಇಂಚು ಹಿಂದೆ, ತಂತಿಗಳು ಬಾಗುವಲ್ಲಿ, ಹುಡುಗ "ಹಲ್ಲಾ, ಹಲ್ಲಾ!" ಅಂತ ಕೂಗಿದ. ಅಂಕಿ ಅಲುಗಿತ್ತು.

ಅಲ್ಲಿ ಕಂಪನಿಯ ಟೇಪಿನ ಮೇಲೆ ಬೇರೆ ಕರಿ ಟೇಪು ಸುತ್ತಿತ್ತು. ಟೇಪಿನ ತುದಿಯನ್ನು ಒಳಕ್ಕೆ ಮಡಚಿ ಅಂಟಿಸಿತ್ತು, ಮುಂದೆ ಬಿಚ್ಚುವವರಿಗೆ ಉಗುರಿಗೆ ಸಿಗಲಿ ಅಂತ. ಹಾಗೆ ಮಡಚುವುದು ನಾನು ಹುಬ್ಬಳ್ಳಿಯಲ್ಲಿ ಕೆಲಸ ಕಲಿಯುವಾಗ ಉಸ್ತಾದರು ಹಾಕಿಕೊಟ್ಟ ರೂಢಿ. ಈ ಊರಿನಲ್ಲಿ ಬೇರೆ ಯಾರೂ ಹಾಗೆ ಮಾಡಿದ್ದು ನೋಡಿಲ್ಲ.

ಬಿಚ್ಚಿದೆ. ಎರಡು ತಂತಿಗಳ ಮೈಮೇಲೆ ಸೂಜಿ ಚುಚ್ಚಿದ ಗುರುತು. ಅರ್ಥ್ ತಂತಿಯ ತೂತಿನ ಒಳಗೆ ತಾಮ್ರ ಹೊಳೆಯುತ್ತಿತ್ತು. ಉಷ್ಣತೆಯ ತಂತಿಯ ಮೇಲ್ಕವಚ ಉಬ್ಬಿತ್ತು. ಬ್ಲೇಡಿನಿಂದ ಸೀಳಿದರೆ ಒಳಗೆ ತಾಮ್ರವೇ ಇಲ್ಲ, ಹಸಿರು ಪುಡಿ. ಹಿತ್ತಾಳೆ ಪಾತ್ರೆಗೆ ಹಿಡಿಯುವ ಕಿಲುಬು ಇದೆಯಲ್ಲ, ಅದೇ. ಆ ಪುಡಿಯ ಮೂಲಕವೇ ಹೇಗೋ ಕರೆಂಟ್ ದಾಟುತ್ತಿತ್ತು. ಮಳೆಗೆ ತಂತಿ ಇನ್ನಷ್ಟು ಕೆಟ್ಟು ದಾರಿ ಪೂರ್ತಿ ಮುಚ್ಚಿಕೊಂಡಾಗ ಮೈನಸ್ 40 ಮತ್ತು ಲೈಟು, ಒಣಗಿದಾಗ ಮತ್ತೆ ನಂಬುವಂಥ ಸುಳ್ಳು. ತೇವದಲ್ಲಿ ತಾಮ್ರ ಮೊದಲು ಕರಗುವುದು ಪಾಸಿಟಿವ್ ವೋಲ್ಟೇಜ್ ಇರುವ ತಂತಿಯಲ್ಲಿ. ಅದಕ್ಕೇ ಪಕ್ಕದ ಅರ್ಥ್ ತಂತಿ ಅದೇ ತೂತಿಟ್ಟುಕೊಂಡೂ ಬದುಕಿತ್ತು.

ವೋಲ್ಟೇಜ್ ನೋಡಲು ತಂತಿಗೆ ಸೂಜಿ ಚುಚ್ಚುವುದು ಅವಸರದ ದಾರಿ. ಕಪ್ಲರಿನ ಹಿಂಬದಿಯಿಂದ, ರಬ್ಬರಿನ ಪಕ್ಕದಲ್ಲಿ ತೆಳು ಪಿನ್ ತೂರಿಸಿ ನೋಡುವುದು ಸರಿಯಾದ ದಾರಿ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಚುಚ್ಚುತ್ತಾರೆ.

ಒಂಬತ್ತಕ್ಕೆ ಅಕ್ಕಾ ಬಂದರು. ನೋಟ್‌ಬುಕ್ ಇನ್ನೊಮ್ಮೆ ಕೊಡಿ ಅಂದೆ. ಹೋದ ವರ್ಷದ ಪುಟ ಹುಡುಕಿದೆ. ಮೈಲೇಜ್ ಇಳಿಯುವುದಕ್ಕೆ ಮೊದಲು, ಜೂನ್ ಆರಂಭದಲ್ಲಿ ಒಂದು ಸಾಲು: "ಭೋಸರಿ ಗ್ಯಾರೇಜ್, ಲೈಟ್ ಚೆಕ್, 200."

"ಭೋಸರಿಯಾಗ ಎಲ್ಲಿರಿ ಅಕ್ಕಾರ?"

"ನಮ್ಮ ಮನಿಯವರ ಒಯ್ದಿದ್ರು. ಗುಡಿ ಹಿಂದ, ಪೆಟ್ರೋಲ್ ಪಂಪಿನ ಬಾಜೂಕ ಅಂತಿದ್ರು."

ನಾವು ಈ ಜಾಗಕ್ಕೆ ಬಂದದ್ದು ಹೋದ ದೀಪಾವಳಿಗೆ. ಅದಕ್ಕೂ ಮೊದಲು ಇದ್ದದ್ದು ಭೋಸರಿಯ ಅದೇ ಗುಡಿಯ ಹಿಂದೆ. ಹಳೆಯ ರಿಜಿಸ್ಟರ್ ತೆಗೆಸಿದೆ. ಅದೇ ತಾರೀಖು, ಅದೇ ನಂಬರಿನ ವ್ಯಾನ್. "ಗಾಳಿ ಸೆನ್ಸರ್ ಕಪ್ಲರ್ ಸಡಿಲ, ಕೂರಿಸಿದೆ." ಕೆಳಗೆ ನನ್ನ ಸಹಿ.

ನೆನಪು ಬಂತು ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಏನಾಗಿರುತ್ತದೆ ಅಂತ ಊಹಿಸಬಲ್ಲೆ. ಮಳೆಗಾಲಕ್ಕೆ ಮುಂಚೆ ಗ್ಯಾರೇಜ್ ತುಂಬಿರುತ್ತದೆ. ಕಪ್ಲರಿನ ಹಿಂಬದಿ ಬಿಗಿ ಇದ್ದಿರಬೇಕು, ಸೂಜಿ ಚುಚ್ಚಿದ್ದೇನೆ, ವೋಲ್ಟೇಜ್ ಸಿಕ್ಕಿದೆ, ಕಪ್ಲರ್ ಒತ್ತಿ ಕೂರಿಸಿದ್ದೇನೆ, ಲೈಟ್ ಆರಿದೆ. ಆ ದಿನದ ರೋಗ ಸರಿಯಾಗಿಯೇ ಹಿಡಿದಿದ್ದೆ. ಹಿಡಿಯುವಾಗ ಮಾಡಿದ ತೂತಿನ ಮೇಲೆ ಟೇಪು ಸುತ್ತಿ ಮಳೆಗೆ ಬಿಟ್ಟಿದ್ದೆ.

ಮಾಲೀಕರಿಗೆ ಹೇಳಿದೆ. ಅವರು ಕೆಟ್ಟವರಲ್ಲ. ಆದರೂ ಕೇಳಿದ್ದು "ಕಶಾಲಾ ಸಾಂಗತೋಸ?" ಅಂತ. ಯಾಕೆ ಹೇಳಲು ಹೋಗುತ್ತೀ? ವರ್ಷದ ಮೇಲಾಯಿತು, ನಡುವೆ ಬೇರೆಯವರು ಎರಡು ಸಲ ಕೈ ಹಾಕಿದ್ದಾರೆ, ತೂತು ಯಾರದು ಅಂತ ಯಾರು ಸಾಬೀತು ಮಾಡುತ್ತಾರೆ? ಅವರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಅರ್ಧ ತಾಸು ನಾನೂ ಅದನ್ನೇ ಯೋಚಿಸಿದೆ. ಹುಡುಗ ನನ್ನನ್ನೇ ನೋಡುತ್ತಿದ್ದ. ಟೇಪಿನ ತುದಿ ಮಡಚುವುದನ್ನು ಅವನಿಗೆ ಕಲಿಸಿದವನು ನಾನೇ.

ಮೊದಲು ಕೆಲಸ ಮುಗಿಸಿದೆ. ಕೆಟ್ಟ ತಂತಿ ಕತ್ತರಿಸುತ್ತ ಹೋದೆ, ಹೊಳೆಯುವ ತಾಮ್ರ ಸಿಕ್ಕಿದ್ದು ಮೂರು ಇಂಚು ಆದ ಮೇಲೆ. ಅಷ್ಟೇ ದಪ್ಪದ ಹೊಸ ತುಂಡು ಸೇರಿಸಿ ಬೆಸುಗೆ ಹಾಕಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್ ಏರಿಸಿದೆ. ಅರ್ಥ್ ತಂತಿಯ ತೂತಿಗೂ ಅದನ್ನೇ ಮಾಡಿದೆ. ಸಾಮಾನಿನ ಖರ್ಚು ಅರವತ್ತು ರೂಪಾಯಿ ಆಗಿರಬಹುದು. ಮತ್ತೆ ಸೇತುವೆ ಹಾಕಿ ನೋಡಿದರೆ ಅಂಕಿ 120 ದಾಟಿ ಹೋಯಿತು. ಸೆನ್ಸರ್ ಹಾಕಿದೆ, 27. ಗೋಡೆಯ ಮೇಲೂ 27.

ಅಕ್ಕಾವರ ಹತ್ತಿರ ಬದಲಿಸಿದ ಹಳೆಯ ಎರಡೂ ಸೆನ್ಸರ್ ಇದ್ದವು. ಬಿಸ್ಕಿಟ್ ಡಬ್ಬಿಯಲ್ಲಿ ಇಟ್ಟಿದ್ದರು, "ಇಷ್ಟ ರೊಕ್ಕ ಕೊಟ್ಟದ್ದು ಹೆಂಗ ಒಗೀಲಿ" ಅಂತ. ಒಂದೊಂದಕ್ಕೆ ಮೀಟರ್ ಹಚ್ಚಿದೆ. ಎರಡೂ ಎರಡು ಕಿಲೋ ಓಮ್‌ಗೆ ಸ್ವಲ್ಪ ಕಡಿಮೆ, 27 ಡಿಗ್ರಿಗೆ ಇರಬೇಕಾದಷ್ಟೇ. ಚಹಾದ ಹುಡುಗ ಬಂದಿದ್ದ. ರೊಟ್ಟಿ ತುಂಬುವ ಪಾಲಿಥಿನ್ ಚೀಲದಲ್ಲಿ ಸೆನ್ಸರ್ ಹಾಕಿ (ಒತ್ತಡದ ತೂತಿಗೆ ನೀರು ಹೋಗಬಾರದಲ್ಲ) ಬಿಸಿ ಚಹಾದ ಗ್ಲಾಸಿನಲ್ಲಿ ಇಳಿಬಿಟ್ಟೆ. ಅಂಕಿ ನಿಧಾನವಾಗಿ ಇಳಿಯುತ್ತ ನಾನೂರು ಐನೂರು ಓಮ್‌ಗೆ ಬಂತು. ಎರಡನೆಯದೂ ಹಾಗೇ.

"ಎರಡೂ ಒಳ್ಳೇವ ಅದಾವು ಅಕ್ಕಾರ" ಅಂದೆ. ಆಮೇಲೆ ರಿಜಿಸ್ಟರ್ ತೋರಿಸಿ ಉಳಿದದ್ದನ್ನೂ ಹೇಳಿದೆ.

ಗಂಡ ಒಂದು ಮಾತೂ ಆಡದೆ ಹೊರಗೆ ಹೋಗಿ ರಸ್ತೆ ನೋಡುತ್ತ ನಿಂತರು. ಅಕ್ಕಾ ಆ ಹಸಿರು ತಂತಿಯ ತುಂಡನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಅಂದ್ರ ಎರಡೂ ಸಲ ಸುಮ್ಮನ ಹಾಕಿಸಿದಿವಿ ಅಂದಂಗಾತು."

"ಹೌದ್ರಿ."

"ನೀವು ಹೇಳಲಿಲ್ಲಂದ್ರ ನಮಗ ಗೊತ್ತಾಗ್ತಿದ್ದಿಲ್ಲ."

"ಹೌದ್ರಿ."

"ಆದ್ರೂ ರೊಕ್ಕ ಹೋತಲ್ರೀ ಅಣ್ಣಾರ."

ಎರಡು ಸೆನ್ಸರ್, ಕೂಲಿ ಸೇರಿ 4,300 ರೂಪಾಯಿ. ನೋಟ್‌ಬುಕ್ಕಿನಲ್ಲಿ ಇತ್ತು. ಈ ತಿಂಗಳು ಅರ್ಧ, ಬರುವ ತಿಂಗಳು ಅರ್ಧ ನಾನು ಕೊಡುತ್ತೇನೆ ಅಂದೆ. ಬೇಡ ಅನ್ನುತ್ತಾರೆ ಅಂತ ಒಳಗೊಳಗೆ ಅಂದುಕೊಂಡಿದ್ದೆ. ಅವರು ಬೇಡ ಅನ್ನಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ. ಪೆನ್ನು ಕೊಟ್ಟು, "ಏನ ಆಗಿತ್ತು ಅಂತ ಇದರಾಗ ಬರದ ಕೊಡ್ರಿ. ಮುಂದ ಯಾರರ ಮತ್ತ ಕಂಪ್ಯೂಟರ್ ಅಂದ್ರ ತೋರಿಸಾಕ ಬರ್ತೈತಿ" ಅಂದರು. ಬರೆದೆ. ಕೆಲಸದ ಕಾಗದಗಳೆಲ್ಲ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುವ ಈ ಊರಲ್ಲಿ ಪೆನ್ನು ಹಿಡಿದು ಕನ್ನಡ ಬರೆಯದೆ ಎಷ್ಟು ದಿನವಾಗಿತ್ತೋ, ನಾಲ್ಕು ಸಾಲಿಗೆ ಎರಡು ಕಡೆ ಒಡೆದು ತಿದ್ದಿದೆ. ಹತ್ತೂ ಕಾಲಿಗೆ ವ್ಯಾನ್ ಹೋಯಿತು, ಕೊಟ್ಟ ಮಾತಿಗೆ ಕಾಲು ತಾಸು ತಡ.

ಮೈಲೇಜ್ ಒಂದೇ ದಿನಕ್ಕೆ ಏರಲಿಲ್ಲ. ಇಸಿಎಂ ಕಲಿತ ಹಳೆಯ ತಿದ್ದುಪಡಿ ಬಿಡಲು ಸ್ವಲ್ಪ ಓಡಬೇಕು, ಪ್ಲಗ್ಗುಗಳ ಮಸಿಯೂ ಹೋಗಬೇಕು. ಮೂರು ವಾರದ ನಂತರ ಅಕ್ಕಾ ವಾಟ್ಸಾಪಿನಲ್ಲಿ ಪುಟದ ಫೋಟೋ ಕಳಿಸಿದರು: 13.6, 13.8. ಅದರ ಕೆಳಗೇ ಮೊದಲ ಕಂತು ಬಂದದ್ದನ್ನೂ ಬರೆದಿದ್ದರು.

ಇದನ್ನು ಬರೆಯುವಾಗ ಒಬ್ಬ ಗೆಳೆಯ ಕೇಳಿದ, ಗಾಡಿ ಇರುವ ನಮ್ಮಂಥವರು ಗ್ಯಾರೇಜಿನಲ್ಲಿ ಏನು ಕೇಳಬೇಕು ಅಂತ. ಸೆನ್ಸರ್ ಬದಲಿಸಬೇಕು ಅಂದರೆ, ಕಪ್ಲರ್ ಬಿಚ್ಚಿದಾಗ ಎಷ್ಟು ತೋರಿಸಿತು, ಸೇತುವೆ ಹಾಕಿದಾಗ ಎಷ್ಟು ತೋರಿಸಿತು ಅಂತ ಕೇಳಿ. ಈ ಎರಡು ಅಂಕಿ ಹೇಳದೆ ಸೆನ್ಸರ್ ಹೋಗಿದೆ ಅನ್ನುವವರು ಕೋಡ್ ಮಾತ್ರ ಓದಿದ್ದಾರೆ. ಬದಲಿಸಿದ ಹಳೆಯ ಭಾಗವನ್ನು ಕೇಳಿ ತೆಗೆದುಕೊಳ್ಳಿ. ಪೆಟ್ರೋಲ್ ಲೆಕ್ಕ ಬರೆದಿಡಿ, ಮೊಬೈಲಿನಲ್ಲಾದರೂ ಸರಿ.

ಹಳೆಯ ಸೆನ್ಸರುಗಳಲ್ಲಿ ಒಂದನ್ನು ಅಕ್ಕಾ ವ್ಯಾನಿನಲ್ಲೇ ಇಟ್ಟುಕೊಂಡಿದ್ದಾರೆ. ಇನ್ನೊಂದನ್ನು ನಾನು ಕೇಳಿ ಪಡೆದೆ, ಹುಡುಗನಿಗೆ ಕಲಿಸಲು ಬೇಕು ಅಂತ. ಅದಕ್ಕೆ ಆ ಮೂರು ಇಂಚಿನ ಹಸಿರು ತಂತಿ ಕಟ್ಟಿ ಬೆಂಚಿನ ಮೇಲಿನ ಮೊಳೆಗೆ ನೇತು ಹಾಕಿದ್ದೇನೆ. ಸೂಜಿ ಇದ್ದ ಡಬ್ಬಿಯಲ್ಲಿ ಈಗ ತೆಳು ಪಿನ್ನುಗಳಿವೆ.